ಪಾಠ ಕಲಿಯಬೇಕಾದವರು ಯಾರು?



ಸಿಂಧನೂರಿನ ಹಾಸ್ಟೆಲೊಂದರ ಹುಡುಗರು ನಮ್ಮ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು. ಅವರಿಗೆ ಚರ್ಚಾಸ್ಪರ್ಧೆ ಇತ್ತಂತೆ. ವಿಷಯ: ‘ಮಾನವ ಜನಾಂಗ ಇತಿಹಾಸದಿಂದ ಪಾಠ ಕಲಿಯುತ್ತದೆಯೋ, ಮಾಡಿದ ತಪ್ಪನ್ನೇ ಮತ್ತೆ ಮತ್ತೆ ಮಾಡುತ್ತದೆಯೋ?’ ಪರವಾಗಿ ಮಾತಾಡಬೇಕೋ ವಿರೋಧವಾಗಿ ಮಾತಾಡಬೇಕೋ ಎಂಬುದು ಅವರ ಚಿಂತೆ. ಬರೆದುಕೊಂಡು ಬಂದಿದ್ದ ಹಾಳೆ ಇಸಿದುಕೊಂಡು ನೋಡಿದೆವು. ಅದರಲ್ಲಿ ಎರಡು ಮಹಾಯುದ್ಧಗಳಿದ್ದವು, ಹಿಟ್ಲರ್ ಇದ್ದ, ಹಿರೋಶಿಮಾ ಇತ್ತು. ಎಲ್ಲಾ ಸರಿಯೇ. ಆದರೆ ಸಿಂಧನೂರು ಇರಲಿಲ್ಲ, ಲಿಂಗಸುಗೂರು ಇರಲಿಲ್ಲ, ಮಸ್ಕಿ ಇರಲಿಲ್ಲ. ಬರೆದ ಹುಡುಗನ ಕೇರಿಯಂತೂ ಇರಲೇ ಇಲ್ಲ. ಇತಿಹಾಸ ಅಂದರೆ ಬೇರೆ ಯಾರದೋ ಊರಾಗ ಆಗುವಂಥದ್ದು ಎಂದು ಸಾಲಿಯಲ್ಲಿ ನಮ್ಮ ತಲೆಗೆ ತುಂಬಿದ್ದಾರೆ. ಆ ಹುಡುಗರ ಪ್ರಶ್ನೆಗೆ ಈ ಸಲ ನಮ್ಮ ಸೀಮೆಯಲ್ಲೇ ನಿಂತು ಉತ್ತರ ಹುಡುಕೋಣ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ನಡುದಾರಿಯಲ್ಲಿ ಮಸ್ಕಿಗೆ ಇಳಿಯಿರಿ. ಗುಡ್ಡದ ಮಗ್ಗುಲಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಸುಮಾರು 2,250 ವರ್ಷದ ಹಿಂದಿನ ಅಕ್ಷರಗಳಿವೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಅದನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ ಇತ್ತು. ಅವನೇ ಅಶೋಕ ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಅಶೋಕ ಎಂಬ ಹೆಸರೇ ಬಂಡೆಯ ಮೇಲೆ ಕಣ್ಣಿಗೆ ಕಂಡದ್ದು ಮೊದಲು ನಮ್ಮ ಮಸ್ಕಿಯಲ್ಲಿ.

ಇಷ್ಟನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬಂಡೆಯ ಮೇಲೆ ಏನು ಬರೆದಿದೆ ಎಂದು ಕೇಳಿದರೆ ಹೇಳುವವರು ಕಡಿಮೆ. ಅದರಲ್ಲಿ ‘ಖುದಕ’ ಮತ್ತು ‘ಉಡಾಲಕ’ ಎಂಬ ಎರಡು ಮಾತು ಬರುತ್ತವೆ. ಖುದಕ ಅಂದರೆ ಸಣ್ಣವನು, ಕೆಳಗಿನವನು. ಉಡಾಲಕ ಅಂದರೆ ದೊಡ್ಡವನು. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಇದು ದಕ್ಕುತ್ತದೆ, ದೊಡ್ಡವನಿಗೆ ಮಾತ್ರ ದಕ್ಕುತ್ತದೆ ಎಂದು ತಿಳಿಯಬಾರದು, ಈ ಮಾತನ್ನು ಇಬ್ಬರಿಗೂ ಹೇಳಬೇಕು ಎಂಬುದು ಅದರ ಸಾರ. ಸಣ್ಣವನಿಗೂ ಹೇಳಬೇಕಂತೆ! ಅಂಥ ಮಾತನ್ನು ಎದೆಯ ಮೇಲೆ ಹೊತ್ತುಕೊಂಡು ಆ ಬಂಡೆ ನಮ್ಮ ನಡುವೆಯೇ ನಿಂತಿತ್ತು. ಕಾಲ ಹೋಯಿತು. ಲಿಪಿ ಬದಲಾಯಿತು, ಹಳೆಯ ಅಕ್ಷರ ಓದುವವರು ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸುವವರೆಗೆ ಈ ದೇಶದ ಯಾವ ಪಂಡಿತನಿಗೂ ಅದನ್ನು ಓದಲು ಬರುತ್ತಿರಲಿಲ್ಲ. ನಮ್ಮ ಹಿರಿಯರು ಆ ಬಂಡೆಯ ಸುತ್ತಮುತ್ತ ದನ ಕಾಯ್ದಿರಬೇಕು, ಅದರ ನೆರಳಿಗೆ ಬುತ್ತಿ ಬಿಚ್ಚಿರಬೇಕು. ತಮ್ಮ ಬಗ್ಗೆಯೇ ಒಂದು ಮಾತು ಬೆನ್ನ ಹಿಂದೆ ಕೆತ್ತಿದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ಊರೊಳಗೆ ಬರಲಾರದವರಾಗಿ, ಕೇರಿಯಲ್ಲಿ ಕೂತು, ‘ನಮ್ಮ ಹಣೆಬರಹನ ಹಿಂಗ ಐತಿ’ ಅಂದುಕೊಂಡು ತಲೆತಲಾಂತರ ಕಳೆದರು. ಹಣೆಯ ಮೇಲಿನ ಬರಹ ಓದಿದೆವೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದರು. ಬಂಡೆಯ ಮೇಲಿನ ಬರಹ ಓದುವವರು ಒಬ್ಬರೂ ಇರಲಿಲ್ಲ.

ಚರ್ಚೆಗೆ ಹೊರಟ ಹುಡುಗರು ಇದನ್ನು ಮೊದಲು ಗುರುತು ಹಾಕಿಕೊಳ್ಳಲಿ. ಪಾಠ ಇದ್ದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ಓದುವ ಕಣ್ಣು ಬೇಕು, ಆ ಕಣ್ಣನ್ನು ಕಟ್ಟುವವರು ಯಾರು ಅಂತ ತಿಳಿಯಬೇಕು.

ಅಶೋಕನ ಮಾತು ಬಂದಿತು. ಇತಿಹಾಸದಿಂದ ಪಾಠ ಕಲಿತ ದೊರೆ ಯಾರು ಎಂದರೆ ಎಲ್ಲರೂ ಅವನ ಹೆಸರನ್ನೇ ಹೇಳುತ್ತಾರೆ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು ಎಂದು ಅವನೇ ತನ್ನ 13ನೇ ಬಂಡೆ ಶಾಸನದಲ್ಲಿ ಲೆಕ್ಕ ಕೊಟ್ಟು ದುಃಖ ಪಟ್ಟಿದ್ದಾನೆ. ನಮಗೆ ಹತ್ತಿರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಆ ಶಾಸನ ಇದೆ. ಗೆದ್ದ ದೊರೆ ತಾನು ಕೊಂದವರ ಲೆಕ್ಕವನ್ನು ತಾನೇ ಬರೆಸಿ ತಪ್ಪಾಯಿತು ಎಂದದ್ದು ಜಗತ್ತಿನ ಚರಿತ್ರೆಯಲ್ಲಿ ಬಲು ಅಪರೂಪ. ನಾವು ಅವನಿಗೆ ಗೌರವ ಕೊಡುತ್ತೇವೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಲು ಅಶೋಕ ವಿಜಯದಶಮಿಯ ದಿನವನ್ನೇ ಆರಿಸಿಕೊಂಡರು.

ಆದರೆ ಗೌರವದಲ್ಲಿ ಕಣ್ಣು ಮುಚ್ಚಬಾರದು. ಅಶೋಕ ದುಃಖಪಟ್ಟ, ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ‘ಪಶ್ಚಾತ್ತಾಪ ಪಟ್ಟರೂ ನನಗೆ ಶಕ್ತಿ ಇದೆ, ನೆನಪಿರಲಿ’ ಎಂಬ ಅರ್ಥದ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಇನ್ನೂ ಒಂದು ಸಂಗತಿ: ಪೆಟ್ಟು ತಿಂದ ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ, ಈ 13ನೇ ಶಾಸನವನ್ನು ಕೆತ್ತಿಸಲಿಲ್ಲ. ಅಲ್ಲಿ ಬೇರೆ ಶಾಸನ ಹಾಕಿಸಿದ. ಯಾರ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತೋ ಅವರ ಮುಂದೆ ಒಪ್ಪಿಕೊಳ್ಳಲಿಲ್ಲ. ಕರುಣೆಯುಳ್ಳ ದೊರೆಯ ಪಶ್ಚಾತ್ತಾಪಕ್ಕೇ ಇಂಥ ಎಲ್ಲೆ ಇದ್ದ ಮೇಲೆ, ನಮ್ಮೂರ ಧಣಿಯ ಮನಸ್ಸು ತಾನಾಗಿ ಕರಗುತ್ತದೆ ಎಂದು ಕಾಯುತ್ತ ಕೂಡುವುದರಲ್ಲಿ ಏನರ್ಥ?

ಈಗ ಪ್ರಶ್ನೆಯ ಬುಡಕ್ಕೆ ಹೋಗೋಣ. ‘ಮಾನವ ಜನಾಂಗ ತಪ್ಪು ಮಾಡುತ್ತದೆ’ ಎನ್ನುತ್ತಾರೆ. ಈ ಮಾನವ ಜನಾಂಗ ಎಂಬ ವಿದ್ಯಾರ್ಥಿ ಯಾರು? ಯಾವ ಬೆಂಚಿನ ಮೇಲೆ ಕೂಡುತ್ತಾನೆ? ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ಹೆಸರಿನಲ್ಲಿ ಕರೆದು, ಇಬ್ಬರೂ ಪಾಠ ಕಲಿಯಲಿಲ್ಲ ಎಂದು ಬೈದರೆ ಅದು ಯಾವ ನ್ಯಾಯ?

ನಮ್ಮ ಸೀಮೆ ನೋಡಿ. ಕೃಷ್ಣಾ ತುಂಗಭದ್ರಾ ನಡುವಿನ ಈ ದೋಆಬ್ ಭೂಮಿಗಾಗಿ ದೊರೆಗಳು ಬಡಿದಾಡಿದಷ್ಟು ಇನ್ನೆಲ್ಲೂ ಬಡಿದಾಡಿರಲಿಕ್ಕಿಲ್ಲ. ವಿಜಯನಗರದವರು ಬಹಮನಿಯವರು ಇದಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೋ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. 1565ರಲ್ಲಿ ವಿಜಯನಗರವೇ ಬಿತ್ತು. 1853ರಲ್ಲಿ ನಿಜಾಮ ಸಾಲದ ಲೆಕ್ಕಕ್ಕೆ ಈ ಸೀಮೆಯನ್ನು ಬ್ರಿಟಿಷರಿಗೆ ಕೊಟ್ಟ, 1860ರಲ್ಲಿ ಅವರು ವಾಪಸು ಕೊಟ್ಟರು. ಸಾಲಿಯ ಪುಸ್ತಕದಲ್ಲಿ ಇದನ್ನೆಲ್ಲ ಓದಿ ‘ದೊರೆಗಳು ಪಾಠ ಕಲಿಯಲಿಲ್ಲ’ ಎಂದು ಮೇಷ್ಟರು ಹೇಳುತ್ತಾರೆ. ದೊರೆಗಳಿಗೆ ಕಲಿಯುವ ಅಗತ್ಯವೇನಿತ್ತು? ಗೆದ್ದರೆ ಭೂಮಿ ಅವರದು, ಕಂದಾಯ ಅವರದು. ಸೋತರೂ ಹೊಲ ತುಳಿಸಿಕೊಂಡವನು ರೈತ, ಕೋಟೆಗೆ ಕಲ್ಲು ಹೊತ್ತವನು ಬಿಟ್ಟಿ ಆಳು. ಕೋಟೆಯ ಮೇಲಿನ ಬಾವುಟ ಬದಲಾಯಿತು, ಕಲ್ಲು ಹೊರುವವನ ಹೆಗಲು ಬದಲಾಗಲಿಲ್ಲ. ನಾವು ‘ತಪ್ಪು’ ಎಂದು ಕರೆಯುವುದು ಇನ್ನೊಬ್ಬನಿಗೆ ಲಾಭವಾಗಿದ್ದರೆ ಅವನು ಅದನ್ನು ಮತ್ತೆ ಮಾಡುತ್ತಾನೆ. ಇಷ್ಟು ಸರಳ ಇದು.

ಹಳೆಯ ಕಾಲದ ಮಾತು ಬಿಡಿ, ಕಣ್ಣೆದುರಿನ ಕಾಲುವೆ ನೋಡಿ. ತುಂಗಭದ್ರಾ ನೀರು 1953ರಿಂದ ಹರಿಯಿತು. ಎಡದಂಡೆಯ ಈ ಸೀಮೆಯ ಹೆಚ್ಚಿನ ಭೂಮಿಗೆ ಯೋಜನೆ ಮಾಡಿದವರು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಗೊತ್ತು ಮಾಡಿದ್ದರು. ಭತ್ತ ಸ್ವಲ್ಪ ಜಾಗಕ್ಕೆ ಮಾತ್ರ. ಆದದ್ದೇನು? ಮೇಲಿನವರು ಕಂಡಲ್ಲೆಲ್ಲ ಭತ್ತ ನಾಟಿ ಮಾಡಿದರು. ಗದ್ದೆಯಲ್ಲಿ ನೀರು ನಿಂತು ನಿಂತು ಅಂತರ್ಜಲ ಮೇಲೇರಿತು, ಅದರ ಜೊತೆ ನೆಲದೊಳಗಿನ ಉಪ್ಪೂ ಮೇಲೇರಿತು. ಸಿಂಧನೂರು ಸೀಮೆಯಲ್ಲಿ ಸವಳು ಹಿಡಿದ ಹೊಲಗಳನ್ನು ನೀವೇ ಕಂಡಿದ್ದೀರಿ, ಬೆಳ್ಳಗೆ ಸುಣ್ಣ ಬಳಿದಂತೆ ಕಾಣುತ್ತವೆ. ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈಗಿನ ಇರಾಕಿನಲ್ಲಿ ಇದೇ ಆಯಿತು. ಅದೂ ನಮ್ಮ ಹಾಗೆ ಎರಡು ನದಿಗಳ ನಡುವಿನ ಸೀಮೆ. ನೀರು ಹಾಯಿಸಿ ಹಾಯಿಸಿ ನೆಲ ಉಪ್ಪಾಗಿ, ಅಲ್ಲಿನ ಜನ ಗೋಧಿ ಬಿಟ್ಟು ಉಪ್ಪು ತಾಳುವ ಜವೆಗೋಧಿಗೆ ಬಂದರು. ಅದು ಪುಸ್ತಕದಲ್ಲಿ ಇಲ್ಲದ ಗುಟ್ಟೇನಲ್ಲ, ಇಂಜಿನಿಯರುಗಳಿಗೆ ಗೊತ್ತು. ಹಾಗಿದ್ದರೂ ನಿಲ್ಲಲಿಲ್ಲ. ಲಾಭ ಮೇಲಿನವನಿಗೆ ಈ ವರ್ಷವೇ ಬರುತ್ತದೆ. ನಷ್ಟ ಕೆಳಗಿನವನಿಗೆ, ನಾಳೆ ಹುಟ್ಟುವವನಿಗೆ.

ಆ ಕಾಲುವೆ ಬಂದಾಗ ನಮ್ಮ ಕೇರಿಗಳಲ್ಲಿ ಏನಾಯಿತು ಎಂದು ಮುದುಕರನ್ನು ಕೇಳಿ. ನೀರು ಬಂದರೆ ಭೂಮಿಗೆ ಬೆಲೆ ಬರುತ್ತದೆ ಎಂದು ಓದುಬರಹ ಬಲ್ಲವರಿಗೆ ಮೊದಲೇ ಗೊತ್ತಿತ್ತು. ಹೊರಗಿನಿಂದ ಬಂದವರು ಭೂಮಿ ಕೊಂಡು ಕ್ಯಾಂಪು ಕಟ್ಟಿದರು. ಮದುವೆಗೆ, ಔಷಧಿಗೆ, ಸಾಲಕ್ಕೆ ಎಂದು ಹೆಬ್ಬೆಟ್ಟು ಒತ್ತಿಕೊಟ್ಟವರು ಅದೇ ಹೊಲಕ್ಕೆ ಕೂಲಿಗೆ ಹೋದರು. ನೀರು ಕಾಣದ ಊರುಗಳವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅವರ ಮಕ್ಕಳೇ ಇವತ್ತು ಈ ಹಾಸ್ಟೆಲುಗಳಲ್ಲಿ ಇರುವುದು. ಮಂಜೂರಾದ ಭೂಮಿ ಹೀಗೆ ಕೈಬಿಟ್ಟು ಹೋಗಬಾರದೆಂದು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಸರ್ಕಾರ ಕೊಟ್ಟ ಭೂಮಿಯನ್ನು ನಿಯಮ ಮೀರಿ ಕೊಂಡಿದ್ದರೆ ಅದು ವಾಪಸು ದಲಿತನಿಗೆ ಬರಬೇಕು. ಬಹಳ ಕುಟುಂಬಗಳಿಗೆ ಕಾಯ್ದೆ ಇರುವುದೇ ತಿಳಿಯಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ, ಬಹಳ ವರ್ಷ ತಡಮಾಡಿ ಬಂದ ಅರ್ಜಿ ನಡೆಯುವುದಿಲ್ಲ ಎಂದಿತು. ಆಮೇಲೆ ಹೋರಾಟ ನಡೆದು, 2023ರಲ್ಲಿ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲ ಎಂದು ಬರೆಯಬೇಕಾಯಿತು. ಅಜ್ಜನಿಗೆ ಯಾವ ವರ್ಷ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ಕೊಟ್ಟಿದ್ದರು ಎಂದು ಮೊಮ್ಮಗನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ನಮ್ಮ ಪಾಲಿಗೆ ಇತಿಹಾಸ ಅಂದರೆ ಒಂದು ಪಹಣಿ.

ಇನ್ನು ರಕ್ತದ ಮಾತು. 1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ಮಂದಿ ದಲಿತ ಕೂಲಿಕಾರರನ್ನು, ಹೆಂಗಸರು ಮಕ್ಕಳು ಸಮೇತ, ಗುಡಿಸಲಿನಲ್ಲಿ ಸುಟ್ಟರು. ಮೇಲಿನ ನ್ಯಾಯಾಲಯದಲ್ಲಿ ಜಮೀನ್ದಾರರು ಬಿಡುಗಡೆಯಾದರು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿಯನ್ನು ಮನೆಯಲ್ಲಿ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರ ಆಗಸ್ಟಿನಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿ ಹಿಡಿಯಿತು. ಅದೇ ಆಗಸ್ಟಿನ 28ರಂದು, ನಮ್ಮ ಪಕ್ಕದ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲಿನಲ್ಲಿ ಚಹಾ ಕುಡಿಯುವ, ಕ್ಷೌರದಂಗಡಿಯಲ್ಲಿ ತಲೆ ಬೋಳಿಸಿಕೊಳ್ಳುವ ಹಕ್ಕಿನ ಜಗಳ ಅದರ ಹಿಂದೆ ಇತ್ತು. ಅಸ್ಪೃಶ್ಯತೆ ಅಪರಾಧ ಎಂದು 1955ರಲ್ಲಿ ಕಾಯ್ದೆ ಮಾಡಿದರು. 1976ರಲ್ಲಿ ಅದನ್ನು ಬಿಗಿ ಮಾಡಿ ಹೆಸರು ಬದಲಿಸಿದರು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ತಂದರು. ಒಂದೇ ಪಾಠವನ್ನು ಮೂರು ಸಲ ಬರೆದರೂ ಓದಬೇಕಾದವನು ಓದಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ‘ಏನೂ ಬದಲಾಗಲ್ಲ’ ಎಂದು ಹೇಳಿ ಮಲಗಬಹುದು. ಆದರೆ ಮರಕುಂಬಿಯಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಹತ್ತು ವರ್ಷ ಕೋರ್ಟಿಗೆ ಅಲೆದರೂ ನಿಂತು ಸಾಕ್ಷಿ ಹೇಳಿದವರು ಅಲ್ಲಿ ಇದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು ಎಂಬುದನ್ನೂ ಮರೆಯಬೇಡಿ. ಮೇಲಿನ ಕೋರ್ಟಿನ ದಾರಿ ಉದ್ದ. ಆದರೂ ಕಂಬಾಲಪಲ್ಲಿಗೂ ಮರಕುಂಬಿಗೂ ನಡುವೆ ಒಂದು ವ್ಯತ್ಯಾಸ ಕಾಣುತ್ತದೆ. ಸುಟ್ಟವರು ಏನಾದರೂ ಕಲಿತರು ಎಂದು ನಾವು ಹೇಳಲಾರೆವು. ಸುಡಿಸಿಕೊಂಡವರು ಕಲಿತರು. ಸಾಕ್ಷಿ ಮುರಿದರೆ ಬೆಂಕಿ ಮತ್ತೆ ಬರುತ್ತದೆ ಎಂದು ಕಲಿತರು. ಪಾಠ ಕಲಿಯುವ ಬೆಂಚು ಯಾವುದು ಎಂಬ ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ಪ್ರಶ್ನೆಯನ್ನು ಬಾಬಾಸಾಹೇಬರೂ ಕೇಳಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ, ಇತಿಹಾಸ ಮರುಕಳಿಸೀತೇ ಎಂಬ ಆತಂಕವನ್ನು ಬಾಯಿಬಿಟ್ಟು ಹೇಳಿದರು. ಒಳಗಿನವರ ದ್ರೋಹದಿಂದಲೇ ಈ ದೇಶ ಹಿಂದೆ ಸ್ವಾತಂತ್ರ್ಯ ಕಳೆದುಕೊಂಡಿತು ಎಂದರು. ಬೌದ್ಧ ಸಂಘಗಳಲ್ಲಿ ಠರಾವು, ಮತದಾನ, ಗುಪ್ತ ಮತ ಎಲ್ಲ ಇತ್ತು, ಆ ಪ್ರಜಾಪ್ರಭುತ್ವವನ್ನು ಭಾರತ ಒಂದು ಸಲ ಕಳೆದುಕೊಂಡಿದೆ, ಎರಡನೇ ಸಲವೂ ಕಳೆದುಕೊಳ್ಳುವುದೇ ಎಂದು ಕೇಳಿದರು. ಅದೇ ಭಾಷಣದಲ್ಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದೂ ಎಚ್ಚರಿಸಿದರು.

ಹಾಗಿದ್ದರೆ ನಾವು, ಅವರ ಹೆಸರು ಹೇಳಿಕೊಂಡು ತಿರುಗುವವರು, ಆ ಪಾಠ ಕಲಿತೆವೇ? ಇಲ್ಲಿ ನಮ್ಮ ಬಟ್ಟೆ ನಾವೇ ಬಿಚ್ಚಬೇಕು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಮಾತಿಗೆ ಗಲಾಟೆ ಎದ್ದಾಗ ಹಾಸ್ಟೆಲುಗಳ ದಲಿತ ಹುಡುಗರು ಪೆಟ್ಟು ತಿಂದರು. ಆ ಪೆಟ್ಟಿನಿಂದ ಕಲಿತವರೇ ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದರು. ಅದಕ್ಕೂ ಮೊದಲು 1968ರಲ್ಲಿ ನಮ್ಮ ಕಡೆ ಗುಲ್ಬರ್ಗದಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದರು. ಅವರ ಹೆಸರು ಇವತ್ತು ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಅಷ್ಟು ಕಷ್ಟಪಟ್ಟು ಕಟ್ಟಿದ ಸಂಘಟನೆ ಒಡೆದು ಬಣವಾಯಿತು, ಬಣ ಒಡೆದು ಉಪಬಣವಾಯಿತು. ಮುಖಂಡನಿಗೊಂದು ಲೆಟರ್‌ಹೆಡ್ಡು. ಸಭೆಗಳಲ್ಲಿ ಹಾರ ತುರಾಯಿ ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಳಮೀಸಲಾತಿಗಾಗಿ ಮಾದಿಗ ಬಂಧುಗಳು ದಶಕಗಟ್ಟಲೆ ಬೀದಿಯಲ್ಲಿ ಕೂತರು. ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು, ವರದಿ ಕಪಾಟು ಸೇರಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವಿಂಗಡಣೆ ಸರಿ ಎಂದ ಮೇಲೆ, ನಾಗಮೋಹನ್‌ದಾಸ್ ಆಯೋಗದ ವರದಿ ಬಂದ ಮೇಲೆ, 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಆಯೋಗ ಅಲೆಮಾರಿಗಳಿಗೆಂದು ಬೇರೆಯಾಗಿ ತೆಗೆದಿಟ್ಟಿದ್ದ ಶೇ. 1 ಅಲ್ಲಿ ಕರಗಿಹೋಯಿತು. ಅವರು ಬೀದಿಗೆ ಬಂದರು. ಎಡಗೈ ಬಲಗೈ ಎಂದು ನಾವು ಇಷ್ಟು ವರ್ಷ ಜಗ್ಗಾಡುವಾಗ, ನಮಗಿಂತ ಸಣ್ಣವನು ಬಾಗಿಲ ಹೊರಗೆ ನಿಂತಿದ್ದನ್ನು ನೋಡಿದೆವೇ? ಮಸ್ಕಿಯ ಖುದಕ ಕೇರಿಯೊಳಗೂ ಇದ್ದಾನೆ. ಹಾಸ್ಟೆಲಿನಲ್ಲಿ ಊಟಕ್ಕೆ ಕೂಡುವಾಗ ಯಾರ ಮಗ್ಗುಲಲ್ಲಿ ಯಾರು ಕೂಡುತ್ತಾರೆ, ಯಾರ ತಟ್ಟೆ ಯಾರು ಮುಟ್ಟುವುದಿಲ್ಲ ಎಂದು ಇವತ್ತು ರಾತ್ರಿಯೇ ನೋಡಿಕೊಳ್ಳಿ. ಮೇಲಿನವನು ನಮಗೆ ಮಾಡಿದ್ದನ್ನು ನಾವು ಕೆಳಗಿನವನಿಗೆ ಮಾಡಿದರೆ, ಇತಿಹಾಸ ಮರುಕಳಿಸುತ್ತದೆ ಎಂದು ಹಿಟ್ಲರನ ಉದಾಹರಣೆ ಕೊಡುವ ಯೋಗ್ಯತೆ ನಮಗೆಲ್ಲಿಯದು?

ಆದ್ದರಿಂದ ನಮ್ಮ ಕೋರಿಕೆ ಇಷ್ಟು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ನೂರಕ್ಕೆ 75 ಮಂದಿ ಅಕ್ಷರಸ್ಥರು, ನಮ್ಮ ರಾಯಚೂರು ಜಿಲ್ಲೆಯಲ್ಲಿ 60ರ ಹತ್ತಿರ. ಓದಲು ಬಾರದೆ ಉಳಿದವರಲ್ಲಿ ನಿಮ್ಮ ಅವ್ವ ಅಪ್ಪ ಇದ್ದಾರೆ. ಅವರ ಕಣ್ಣು ನೀವು. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಒಯ್ಯಿರಿ. ನಿಮ್ಮ ಕೇರಿಗೆ ಯಾವ ವರ್ಷ ಯಾವ ಭೂಮಿ ಮಂಜೂರಾಗಿತ್ತು, ಈಗ ಯಾರ ಹೆಸರಿನಲ್ಲಿದೆ ಎಂದು ಪಹಣಿ ತೆಗೆಸಿ ಬರೆಯಿರಿ. ಯಾರ ಮನೆಯಲ್ಲಿ ಯಾರು ಎಷ್ಟು ವರ್ಷ ಜೀತ ಇದ್ದರು, ಯಾವ ಬಾವಿಗೆ ಯಾವಾಗ ನೀರಿಗೆ ಇಳಿದರು, ಯಾವ ಹೋಟೆಲಿನಲ್ಲಿ ಬೇರೆ ಲೋಟ ಇತ್ತು, ಇನ್ನೂ ಇದೆಯೋ ಎಂದು ಮುದುಕಿಯರನ್ನು ಕೇಳಿ ಬರೆಯಿರಿ. ಜಗಳವಾದರೆ ದೂರು ಬರೆದು ಕೊಡಿ, ಎಫ್.ಐ.ಆರ್. ಪ್ರತಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು, ಪುಕ್ಕಟೆ ಕೊಡಬೇಕು. ಸಾಕ್ಷಿ ಹೇಳಿದವನ ಮನೆಗೆ ಹೋಗಿ ಜೊತೆಗೆ ಕೂಡಿರಿ, ಅವನು ಒಂಟಿಯಾಗಬಾರದು.

ಲಿಂಗಸುಗೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದರೆ ಕುರ್ಚಿ ಸಿಕ್ಕಿದೆ. ಕುರ್ಚಿಯ ಮೇಲೆ ಕೂತವರನ್ನು ಕೇಳಲು ಲೆಕ್ಕ ಬೇಕು, ಆ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು.

ಚರ್ಚಾಸ್ಪರ್ಧೆಗೆ ಹೋಗುವ ಹುಡುಗರು ಪರವಾಗಿಯೂ ಮಾತಾಡುವುದು ಬೇಡ, ವಿರೋಧವಾಗಿಯೂ ಬೇಡ. ಎದ್ದು ನಿಂತು, ‘ಅಧ್ಯಕ್ಷರೇ, ತಪ್ಪಿನಿಂದ ಯಾರಿಗೆ ಲಾಭ ಇದೆಯೋ ಅವರು ಕಲಿಯುವುದಿಲ್ಲ, ಪೆಟ್ಟು ತಿಂದವರು ಕಲಿತು ಒಟ್ಟಾಗಿ ತಡೆದರೆ ಮಾತ್ರ ಅದು ನಿಲ್ಲುತ್ತದೆ’ ಎಂದು ಹೇಳಿ, ಮಸ್ಕಿಯಿಂದ ಶುರುಮಾಡಿ ಮರಕುಂಬಿಯವರೆಗೆ ಬನ್ನಿ. ಬಹುಮಾನ ಬರದಿದ್ದರೆ ಬೇಡ. ಬರುವ ಭಾನುವಾರ ಆ ಹುಡುಗರನ್ನು ಕರೆದುಕೊಂಡು ನಾವು ಮಸ್ಕಿಯ ಬಂಡೆ ನೋಡಲು ಹೊರಟಿದ್ದೇವೆ. ಉಳಿದ ಹಾಸ್ಟೆಲುಗಳವರೂ ಬುತ್ತಿ ಕಟ್ಟಿಕೊಂಡು ಬನ್ನಿ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣೋಣ.

ಜೈ ಭೀಮ್.